ಕ್ವಾರಿಯಲ್ಲಿ ಪಾಲು ಕೊಡ್ತೀವಿ ಅಂದಾಗ: ಲಾವಣಿಯೋ, ಖೇಣಿಯೋ, ಷೇರೋ?

ದೀಪಾವಳಿಯಿಂದ ಈಚೆಗೆ ಮೂರು ಜನ ನನ್ನ ಹತ್ತಿರ ಹೆಚ್ಚುಕಡಿಮೆ ಒಂದೇ ಪ್ರಶ್ನೆ ತಂದರು. ಹೊಳಲ್ಕೆರೆ ಕಡೆಯ ಒಬ್ಬರಿಗೆ ನಾಲ್ಕು ಎಕರೆ ಕಲ್ಲು ಜಮೀನಿದೆ. ಕ್ರಷರ್‌ನವರು ಬಂದು "ನೀವು ದುಡ್ಡು ಹಾಕೋದು ಬೇಡ, ಜಮೀನು ಕೊಡಿ ಸಾಕು, 20 ಪರ್ಸೆಂಟ್ ನಿಮ್ಮದು" ಅಂದಿದ್ದಾರೆ. ದಾವಣಗೆರೆಯ ಇನ್ನೊಬ್ಬರು ಎರಡು ಹಿಟಾಚಿ, ಆರು ಟಿಪ್ಪರ್ ಇಟ್ಟುಕೊಂಡಿದ್ದಾರೆ. ಅವರಿಗೆ "ಬಾಡಿಗೆ ಯಾಕೆ, ಪಾಲೇ ತಗೊಳ್ಳಿ" ಎಂಬ ಆಸೆ ತೋರಿಸಿದ್ದಾರೆ. ಮೂರನೆಯವರು ರಿಟೈರ್ ಆದ ಮೇಷ್ಟ್ರು. ಕೈಯಲ್ಲಿ 25 ಲಕ್ಷ ಇದೆ. ಹಳೆಯ ಶಿಷ್ಯನೊಬ್ಬ ಗಣಿಗೆ ಪಾರ್ಟ್ನರ್ ಆಗಿ ಬನ್ನಿ ಅಂತ ಕರೆದಿದ್ದಾನೆ.

ಮೂವರೂ ಕೇಳಿದ್ದು: "20 ಪರ್ಸೆಂಟ್ ಅಂದರೆ ಒಳ್ಳೆಯದಾ?"

ನಾನು ಹದಿನೈದು ವರ್ಷ ಗಣಿ ಕಚೇರಿಯಲ್ಲಿ ಲೆಕ್ಕ ಬರೆದವನು. ಈಗ ಚಿತ್ರದುರ್ಗದಲ್ಲಿ ಕೂತು ನಾಲ್ಕು ಜನರ ಟ್ಯಾಕ್ಸ್ ಕಾಗದ ನೋಡಿಕೊಂಡಿದ್ದೇನೆ. ನನ್ನ ಮಟ್ಟಿಗೆ ಪರ್ಸೆಂಟ್ ಅನ್ನುವುದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲನೆಯದಾಗಿ, ಯಾವುದರ 20? ಮಾರಾಟದ್ದಾ, ಲಾಭದ್ದಾ? ಲಾಭ ಅಂದರೆ ಡೀಸೆಲ್, ಬ್ಲಾಸ್ಟಿಂಗ್, ಬಡ್ಡಿ, ರಾಜಧನ (ಖನಿಜಕ್ಕೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿ), ಮ್ಯಾನೇಜರ್ ಸಂಬಳ, ನಡೆಸುವವನ ಕಾರಿನ ಕಂತು ಎಲ್ಲಾ ಕಳೆದು ಉಳಿಯುವುದು. ಎಷ್ಟು ಉಳಿಯಬೇಕು ಎಂದು ತೀರ್ಮಾನ ಮಾಡುವವನು ಖರ್ಚು ಬರೆಯುವವನು.

ನಮ್ಮ ಕಡೆಯವರಿಗೆ ಇದು ಹೊಸ ವಿಷಯವೇನಲ್ಲ. ಹೊಲ ಲಾವಣಿಗೆ ಕೊಟ್ಟರೆ ಮಳೆ ಬರಲಿ ಬಿಡಲಿ, ಮಾತಾಡಿದ ದುಡ್ಡು ಕೈಗೆ ಬರುತ್ತದೆ. ಕೋರಿಗೆ ಹಾಕಿದರೆ ಬೆಳೆಯ ಜೊತೆ ಬರಗಾಲದಲ್ಲೂ ಪಾಲು. ಅಡಿಕೆ ಖೇಣಿ ಕೊಟ್ಟರೆ ಮರ ನಮ್ಮದು, ಕೊಯ್ಲು ಮತ್ತು ವ್ಯಾಪಾರ ಅವನದು. ಗಣಿಯ ಒಪ್ಪಂದಗಳೂ ಸುತ್ತಿ ಬಳಸಿ ಈ ಮೂರರ ಒಳಗೇ ಬರುತ್ತವೆ. ಆದರೆ ಒಂದು ವ್ಯತ್ಯಾಸವಿದೆ. ಹೊಲ ಮುಂದಿನ ವರ್ಷವೂ ಹೊಲವಾಗಿಯೇ ಇರುತ್ತದೆ. ಕ್ವಾರಿ ಹಾಗಲ್ಲ, ತೆಗೆದಷ್ಟೂ ಖಾಲಿಯಾಗುತ್ತದೆ.

ಮೊದಲು ಈ ಐದನ್ನು ಕೇಳಿ

ಲೀಸ್ ಯಾರ ಹೆಸರಿನಲ್ಲಿದೆ? ಗಣಿಯ ನಿಜವಾದ ಆಸ್ತಿ ಗುಡ್ಡವಲ್ಲ, ಲೀಸ್ ಕಾಗದ, ಅಂದರೆ ಅಗೆಯಲು ಸರ್ಕಾರ ಕೊಡುವ ಗುತ್ತಿಗೆ. ಕಬ್ಬಿಣದ ಅದಿರಿನಂಥ ಪ್ರಧಾನ ಖನಿಜಕ್ಕೆ 2015ರ ಜನವರಿಯಿಂದ ಹರಾಜಿನಲ್ಲೇ ಲೀಸ್ ಸಿಗುವುದು, ಅದೂ 50 ವರ್ಷಕ್ಕೆ. ನಿಮ್ಮ ಹೊಲದ ಕೆಳಗೆ ಅದಿರಿದೆ ಎಂಬ ಕಾರಣಕ್ಕೆ ಲೀಸ್ ನಿಮಗೆ ಬರುವುದಿಲ್ಲ. ಮೇಲ್ಮೈ ಹಾಳಾಗಿದ್ದಕ್ಕೆ ಪರಿಹಾರ ಕೇಳಬಹುದು, ಅಷ್ಟೆ. ಜಲ್ಲಿ, ಸೈಜ್ ಕಲ್ಲು, ಗ್ರಾನೈಟ್ ಉಪಖನಿಜ. ಅವುಗಳಿಗೆ ರಾಜ್ಯದ 1994ರ ನಿಯಮಗಳಿವೆ. ಪಟ್ಟಾ ಜಮೀನಾದರೆ ಮಾಲೀಕನಿಗೆ, ಇಲ್ಲವೇ ಅವನ ಒಪ್ಪಿಗೆ ತಂದವನಿಗೆ ಲೀಸ್. ಲೀಸ್ ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಹಾಗಾಗಿ ಲೀಸ್ ಒಬ್ಬನ ಹೆಸರಲ್ಲಿದ್ದು ನೀವು ಒಳಗೊಳಗೇ ಪಾಲುದಾರರಾದರೆ, ಗಣಿ ಇಲಾಖೆಯ ಪುಸ್ತಕದಲ್ಲಿ ನೀವು ಇಲ್ಲವೇ ಇಲ್ಲ.

ಮುಂದಿನ ದುಡ್ಡು ಯಾರದು? ಮೊದಲ ಬಂಡವಾಳ ಎಲ್ಲರಿಗೂ ಗೊತ್ತಿರುತ್ತದೆ. ಎರಡನೇ ವರ್ಷ ಕ್ರಷರ್ ದವಡೆ ಸವೆದಾಗ, ಕಲ್ಲು ಸಾಗಿಸಲು ಇಲಾಖೆ ಕೊಡುವ ಪರ್ಮಿಟ್ ನಿಂತು ಮೂರು ತಿಂಗಳು ಸಂಬಳ ಕೊಡಬೇಕಾದಾಗ ಯಾರು ಹಾಕುತ್ತಾರೆ? ಹಾಕದಿದ್ದವನ ಪಾಲು ಏನಾಗುತ್ತದೆ?

ಚುಕ್ಕಾಣಿ ಯಾರ ಕೈಲಿ? ವೇಬ್ರಿಡ್ಜ್ ಚೀಟಿ, ಪರ್ಮಿಟ್ ಲಾಗಿನ್, ಬ್ಯಾಂಕ್ ಸಹಿ. ಈ ಮೂರು ಯಾರ ಹತ್ತಿರ ಇವೆಯೋ ಗಣಿ ಅವನದು, ಪಾಲು ಎಷ್ಟೇ ಇರಲಿ. ಇಂಡೋನೇಷ್ಯಾದ ಗ್ರಾಸ್‌ಬರ್ಗ್ ತಾಮ್ರ-ಚಿನ್ನದ ಗಣಿ ನೋಡಿ. 2018ರಲ್ಲಿ ಅಲ್ಲಿನ ಸರ್ಕಾರಿ ಕಡೆಯ ಪಾಲು 51 ಪರ್ಸೆಂಟ್ ದಾಟಿತು. ಅಮೆರಿಕದ ಫ್ರೀಪೋರ್ಟ್‌ಗೆ ಉಳಿದದ್ದು 48.76. ಆದರೆ ಗಣಿ ನಡೆಸುವವರು ಇಂದಿಗೂ ಫ್ರೀಪೋರ್ಟ್‌ನವರೇ. ಚಿಲಿಯ ಎಸ್ಕಾಂಡಿಡಾದಲ್ಲಿ ಬಿಎಚ್‌ಪಿ 57.5, ರಿಯೊ ಟಿಂಟೊ 30, ಜಪಾನಿನ ಕಂಪನಿಗಳ ಕೂಟ 12.5. ಅಲ್ಲಿ ಚುಕ್ಕಾಣಿ ಬಿಎಚ್‌ಪಿಯದು. ರಿಯೊ ಟಿಂಟೊದಂಥ ದೈತ್ಯ ಕೂಡ ಆ ಗಣಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತಿದೆ. ಅಂಥ ದೊಡ್ಡವರು ಪಾಲು ಬೇರೆ, ನಡೆಸುವ ಹಕ್ಕು ಬೇರೆ ಎಂದು ಎರಡನ್ನೂ ಬಿಡಿಬಿಡಿಯಾಗಿ ಬರೆದುಕೊಳ್ಳುತ್ತಾರೆ. ನಾವು ಟೀ ಕುಡಿಯುತ್ತಾ "ಎಲ್ಲಾ ಸೇರಿ ನೋಡ್ಕೊಳ್ಳೋಣ ಬಿಡಿ" ಅನ್ನುತ್ತೇವೆ.

ಏಟು ಬಿದ್ದರೆ ಎಲ್ಲಿವರೆಗೆ? ಹಾಕಿದ ದುಡ್ಡು ಹೋದರೆ ಒಂದು ಮಾತು. ಮನೆ, ತೋಟದವರೆಗೆ ಬಂದರೆ ಇನ್ನೊಂದು.

ಹೊರಗೆ ಬರುವ ದಾರಿ ಯಾವುದು? ಯಾರು ಕೊಳ್ಳುತ್ತಾರೆ, ಬೆಲೆ ಯಾರು ಕಟ್ಟುತ್ತಾರೆ, ಎಷ್ಟು ದಿನದಲ್ಲಿ ದುಡ್ಡು?

ಇಷ್ಟು ಎಚ್ಚರಿಕೆ ಯಾಕೆ ಎಂದರೆ, 2011 ಇನ್ನೂ ನನ್ನ ಕಣ್ಣ ಮುಂದಿದೆ. ಆ ವರ್ಷ ಜುಲೈ ಕೊನೆಗೆ ಬಳ್ಳಾರಿಯಲ್ಲಿ, ಆಗಸ್ಟ್ 26ಕ್ಕೆ ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಸುಪ್ರೀಂ ಕೋರ್ಟ್ ಕಬ್ಬಿಣದ ಗಣಿಗಾರಿಕೆ ನಿಲ್ಲಿಸಿತು. ಭೀಮಸಮುದ್ರದ ರಸ್ತೆಯಲ್ಲಿ ಅದಿರಿನ ಲಾರಿಗಳ ಸದ್ದೇ ಇಲ್ಲವಾಯಿತು. 2013ರ ಏಪ್ರಿಲ್‌ನಲ್ಲಿ ಲೀಸ್‌ಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಗಡಿ ಮೀರಿ ಜಾಸ್ತಿ ಅಗೆದಿದ್ದ ಸಿ ದರ್ಜೆಯವನ್ನು ರದ್ದು ಮಾಡಿದರು. ರದ್ದಾದ ಲೀಸಿನಲ್ಲಿ ನಿಮ್ಮದು 5 ಪರ್ಸೆಂಟೋ 50 ಪರ್ಸೆಂಟೋ ಎಂದು ಯಾರೂ ಕೇಳಲಿಲ್ಲ. ಉಳಿದವರಿಗೂ ಜಿಲ್ಲಾವಾರು ಮಿತಿ ಬಂತು. ಚಿತ್ರದುರ್ಗ-ತುಮಕೂರು ಎರಡಕ್ಕೂ ಸೇರಿ ಮೊದಲು ವರ್ಷಕ್ಕೆ 50 ಲಕ್ಷ ಟನ್, 2017ರ ಕೊನೆಗೆ 70 ಲಕ್ಷ, 2022ರ ಆಗಸ್ಟ್‌ನಲ್ಲಿ 150 ಲಕ್ಷ. ನಮ್ಮ ಕಚೇರಿಯಲ್ಲಿ ಪಾಲುದಾರರಾಗಿದ್ದ ಒಬ್ಬರು ಟಿಪ್ಪರ್ ಸಾಲ ಕಟ್ಟಲಾಗದೆ ತೋಟ ಮಾರಿದರು. ಲೆಕ್ಕದ ಪುಸ್ತಕದಲ್ಲಿ ಅವರ ಪಾಲು ಅಲ್ಲಾಡದೆ ಹಾಗೇ ಇತ್ತು.

ಜಮೀನು ಕೊಟ್ಟು ಟನ್ ಲೆಕ್ಕ: ಲಾವಣಿಯ ದಾರಿ

ಪಾಲು ಬೇಡ, ಟನ್ನಿಗೆ ಇಷ್ಟು ಕೊಡಿ ಅನ್ನುವುದು. ಜಮೀನಿದ್ದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕಲ್ಲು ಎಷ್ಟು ಹೋಯಿತು ಎಂದು ಎಣಿಸಬಹುದು. ಲಾಭ ಎಷ್ಟಾಯಿತು ಎಂದು ಎಣಿಸುವುದು ನಿಮ್ಮಿಂದಾಗದು. ಪ್ರತಿ ಲೋಡಿಗೂ ಇಲಾಖೆಯ ಪರ್ಮಿಟ್ ಇರಬೇಕು. ತಿಂಗಳಿಗೊಮ್ಮೆ ಆ ಪಟ್ಟಿ ಕೊಡಬೇಕು ಎಂದು ಒಪ್ಪಂದದಲ್ಲಿ ಬರೆಸಿ. ಜೊತೆಗೆ ಕಲ್ಲು ಹೋಗಲಿ ಬಿಡಲಿ ವರ್ಷಕ್ಕೆ ಇಷ್ಟು ಎಂಬ ಕನಿಷ್ಠ ಮೊತ್ತವೂ ಬೇಕು. ಇಲ್ಲದಿದ್ದರೆ ಲೀಸ್ ಹಿಡಿದುಕೊಂಡು ಸುಮ್ನೆ ಕೂರುವವರಿದ್ದಾರೆ.

ಕಳೆದುಕೊಳ್ಳುವುದೂ ಇದೆ. ಹತ್ತಿರದಲ್ಲೇ ಹೆದ್ದಾರಿ ಕೆಲಸ ಶುರುವಾಗಿ ಜಲ್ಲಿ ರೇಟು ಏರಿದರೆ ಆ ಲಾಭ ನಿಮಗಿಲ್ಲ. ಅದಕ್ಕೆ ಎರಡು ವರ್ಷಕ್ಕೊಮ್ಮೆ ದರ ಏರಿಸುವ ಮಾತು ಸೇರಿಸಬಹುದು.

ಇಲ್ಲೊಂದು ಬಲೆ ಇದೆ. "ಲೀಸ್ ನಿಮ್ಮ ಹೆಸರಲ್ಲೇ ಮಾಡಿಸೋಣ, ಕೆಲಸ ನಾವು ಮಾಡ್ತೀವಿ" ಅನ್ನುತ್ತಾರೆ. ಕೇಳಲು ಗೌರವದ ಮಾತು. ಆದರೆ ಲೀಸ್ ನಿಮ್ಮ ಹೆಸರಲ್ಲಿದ್ದರೆ ರಾಜಧನದ ಬಾಕಿ, ದಂಡ, ಅಪಘಾತದ ಕೇಸು ಎಲ್ಲಕ್ಕೂ ನೀವೇ ಮೊದಲ ಆಸಾಮಿ. ಆ ಬಾಕಿಯನ್ನು ಭೂ ಕಂದಾಯದ ಬಾಕಿಯಂತೆ ವಸೂಲಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ, ಅಂದರೆ ನೇರ ಜಮೀನಿಗೇ ಕೈ. ಲೀಸ್ ನಿಮ್ಮ ಹೆಸರಲ್ಲಿ ಇರಲೇಬೇಕು ಅಂದರೆ ದುಡಿಯುವವನಿಂದ ದೊಡ್ಡ ಠೇವಣಿ ಇಟ್ಟುಕೊಳ್ಳಿ, ಪರ್ಮಿಟ್ ಲಾಗಿನ್ ನಿಮ್ಮ ಮಗನ ಹತ್ತಿರ ಇರಲಿ. ಅಷ್ಟು ಮಾಡಲು ಆಗದಿದ್ದರೆ ಒಪ್ಪಿಗೆ ಪತ್ರ ಕೊಟ್ಟು ಲೀಸ್ ಅವರ ಹೆಸರಿಗೇ ಹೋಗಲಿ. ಕೊನೆಗೆ ಉಳಿಯುವ ಗುಂಡಿ ಯಾರದು ಎಂಬುದನ್ನೂ ಈಗಲೇ ಬರೆಸಿ.

ಯಂತ್ರ ಇಟ್ಟು ದುಡಿಯುವುದು: ಖೇಣಿಯ ದಾರಿ

ಯಂತ್ರ ಇರುವವರಿಗೆ ಎರಡು ಆಯ್ಕೆ. ಗಂಟೆ ಅಥವಾ ಟನ್ ಲೆಕ್ಕದ ಬಾಡಿಗೆ ಒಂದು. ಲೀಸ್‌ದಾರನಿಗೆ ಟನ್ನಿಗಿಷ್ಟು ಎಂದು ಕೊಟ್ಟು, ಅಗೆಯುವುದು ಮಾರುವುದು ಎಲ್ಲಾ ತಾನೇ ಮಾಡುವ ರೈಸಿಂಗ್ ಕಾಂಟ್ರ್ಯಾಕ್ಟ್ ಇನ್ನೊಂದು. ಎರಡನೆಯದರಲ್ಲಿ ದುಡ್ಡು ಜಾಸ್ತಿ, ಅಪಾಯವೂ ಜಾಸ್ತಿ. ಬಳ್ಳಾರಿ ಭಾಗದ ಗಣಿಗಳ ಬಗ್ಗೆ ಲೋಕಾಯುಕ್ತರು ಕೊಟ್ಟ ವರದಿಗಳಲ್ಲಿ ಇಂಥ ಕಾಂಟ್ರ್ಯಾಕ್ಟ್‌ಗಳೇ ದೊಡ್ಡ ತಕರಾರಾಗಿದ್ದವು. ಆಗಿನ 1960ರ ಖನಿಜ ರಿಯಾಯಿತಿ ನಿಯಮಗಳ 37ನೇ ನಿಯಮದ ಪ್ರಕಾರ ಅನುಮತಿ ಇಲ್ಲದೆ ಲೀಸ್ ಅನ್ನು ಒಳಗುತ್ತಿಗೆ ಕೊಡುವಂತಿರಲಿಲ್ಲ, ಗಣಿಯ ಹಿಡಿತ ಬೇರೆಯವರ ಕೈಗೆ ಹೋಗುವ ಒಪ್ಪಂದವನ್ನೂ ಮಾಡುವಂತಿರಲಿಲ್ಲ. ಹೆಸರಿಗೆ ಕಾಂಟ್ರ್ಯಾಕ್ಟ್, ನಿಜದಲ್ಲಿ ಗಣಿಯನ್ನೇ ಮಾರಿದಂತೆ ಕಂಡರೆ ಲೀಸಿಗೇ ಕುತ್ತು. ಲೀಸ್ ಹೋದರೆ ಖೇಣಿದಾರನಿಗೆ ಅಳಲು ಮರವೂ ಇಲ್ಲ.

ಯಂತ್ರದ ಬದಲು ಪಾಲು ಎಂದರೆ ಇನ್ನೊಂದು ಲೆಕ್ಕ ನೋಡಿ. ಹಿಟಾಚಿಗೆ ಇವತ್ತು ಒಂದು ಬೆಲೆ ಕಟ್ಟಿ ನಿಮ್ಮ ಬಂಡವಾಳ ಎಂದು ಬರೆಯುತ್ತಾರೆ. ಬಂಡೆಯ ಮೇಲೆ ನಾಲ್ಕು ವರ್ಷ ದುಡಿದ ಮೇಲೆ ಅದು ಗುಜರಿ. ಜೊತೆಯವರ ದುಡ್ಡು ಬ್ಯಾಂಕಿನಲ್ಲಿ ದುಡ್ಡಾಗಿಯೇ ಬಂದಿತ್ತು, ನಿಮ್ಮದು ಸವೆದು ಹೋಯಿತು. ಬಾಡಿಗೆ ಸ್ವಲ್ಪ ಇಳಿಸಿ, ಅದರ ಮೇಲೆ ಸಣ್ಣ ಪಾಲು ಕೇಳುವುದು ಮೇಲು. ಬಾಡಿಗೆ ಖರ್ಚಿನ ಸಾಲಿನಲ್ಲಿ ಮೊದಲೇ ಬರುತ್ತದೆ, ಪಾಲು ಎಲ್ಲಾ ಕಳೆದ ಮೇಲೆ.

ಪಾರ್ಟ್ನರ್‌ಶಿಪ್: ಸುಲಭವಾಗಿ ಒಳಗೆ ಹೋಗುವುದು

ಇಲ್ಲಿಂದ ಕೋರಿನ ದಾರಿ. ನಮ್ಮಲ್ಲಿ ಹೆಚ್ಚಿನವು ಇವೇ. ಸ್ಟಾಂಪ್ ಪೇಪರ್, ನಾಲ್ಕು ಸಹಿ, ಪೂಜೆ. ನನ್ನ ಸೋದರಮಾವ ಹೀಗೇ ಒಂದು ಕಲ್ಲು ಕ್ವಾರಿಗೆ 15 ಲಕ್ಷ ಹಾಕಿದರು. ಎರಡು ವರ್ಷ ಲೆಕ್ಕ ತೋರಿಸಲಿಲ್ಲ. ಕೇಸು ಹಾಕಲು ಹೋದರೆ ವಕೀಲರು ಮೊದಲು ಕೇಳಿದ್ದು: "ಫರ್ಮ್ ರಿಜಿಸ್ಟರ್ ಆಗಿದೆಯಾ?" ಆಗಿರಲಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದ ಫರ್ಮ್‌ನ ಪಾಲುದಾರ ಒಪ್ಪಂದದ ಹಕ್ಕಿಗಾಗಿ ಜೊತೆಯವರ ಮೇಲೆ ದಾವೆ ಹಾಕುವಂತಿಲ್ಲ. ಫರ್ಮ್ ಮುಚ್ಚಿ ಲೆಕ್ಕ ಕೊಡಿ ಎಂದು ಮಾತ್ರ ಕೇಳಬಹುದು. ಮಾವ ಕೊನೆಗೆ ಅದನ್ನೇ ಕೇಳಿದರು. ಬಂದದ್ದು ಹಾಕಿದ್ದರ ಅರ್ಧವೂ ಅಲ್ಲ.

ಅದೇ ಕಾಯ್ದೆಯಲ್ಲಿ ಇನ್ನೂ ಕೆಲವು ಬಿಸಿ ಜಾಗಗಳಿವೆ. ಪತ್ರದಲ್ಲಿ ಪಾಲು ಬರೆಯದಿದ್ದರೆ ಲಾಭ ಎಲ್ಲರಿಗೂ ಸಮ, ಯಾರು ಎಷ್ಟೇ ಹಾಕಿರಲಿ. ಒಬ್ಬ ಪಾಲುದಾರ ತೀರಿಕೊಂಡರೆ, ಬೇರೆ ಮಾತು ಬರೆದಿಲ್ಲದಿದ್ದರೆ ಫರ್ಮ್ ಅಲ್ಲಿಗೇ ಮುಗಿಯಿತು. ಸಾಲಕ್ಕೆ ಎಲ್ಲರೂ ಒಟ್ಟಾಗಿಯೂ ಹೊಣೆ, ಒಬ್ಬೊಬ್ಬರಾಗಿಯೂ ಪೂರ್ತಿ ಹೊಣೆ. 10 ಪರ್ಸೆಂಟ್ ಪಾಲುದಾರನ ಮನೆಯನ್ನೂ 100 ಪರ್ಸೆಂಟ್ ಸಾಲಕ್ಕೆ ಹಿಡಿಯಬಹುದು. "ನಾನು ಸ್ಲೀಪಿಂಗ್ ಪಾರ್ಟ್ನರ್" ಎಂದರೆ ಬ್ಯಾಂಕ್ ನಿದ್ದೆ ಮಾಡುವುದಿಲ್ಲ.

ಸಾಲಕ್ಕಿಂತ ದೊಡ್ಡ ಭಯ ಅಪಘಾತ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಯ ಸ್ಫೋಟಕ ಸಿಡಿದದ್ದು ಸುತ್ತಲಿನ ಜಿಲ್ಲೆಗಳವರಿಗೆಲ್ಲ ನೆನಪಿದೆ. 1952ರ ಗಣಿ ಕಾಯ್ದೆ ನೇರವಾಗಿಯೇ ಬರೆದಿತ್ತು: ಗಣಿ ಮಾಲೀಕ ಫರ್ಮ್ ಆದರೆ ಪಾಲುದಾರರಲ್ಲಿ ಎಲ್ಲರ ಮೇಲೂ ಅಥವಾ ಯಾರ ಮೇಲಾದರೂ, ಕಂಪನಿಯಾದರೆ ಡೈರೆಕ್ಟರ್‌ಗಳ ಮೇಲೆ ಕೇಸು ಹೂಡಬಹುದು. ಅದರ ಜಾಗಕ್ಕೆ ಬಂದಿರುವ 2020ರ ಸುರಕ್ಷತಾ ಸಂಹಿತೆಯಲ್ಲೂ ಮಾಲೀಕ, ಏಜೆಂಟ್, ಮ್ಯಾನೇಜರ್ ಮೂವರ ಮೇಲೂ ಹೊಣೆ ಇದೆ. ಊರಲ್ಲಿ ಕೂತು ಲಾಭ ಮಾತ್ರ ತಿನ್ನುವ ಪಾಲುದಾರ ಎಂಬ ಜಾತಿ ಗಣಿಯಲ್ಲಿಲ್ಲ.

ಹಾಗಾದರೆ ಪಾರ್ಟ್ನರ್‌ಶಿಪ್ ಯಾರಿಗೆ? ದಿನಾ ಕ್ವಾರಿಗೆ ಹೋಗುವ ಇಬ್ಬರು ಮೂವರಿಗೆ. ಒಬ್ಬರನ್ನೊಬ್ಬರು ಹತ್ತಾರು ವರ್ಷ ಬಲ್ಲವರಿಗೆ. ಲೀಸ್ ಫರ್ಮ್ ಹೆಸರಿನಲ್ಲೇ ಇರಬೇಕು, ಫರ್ಮ್ ರಿಜಿಸ್ಟರ್ ಆಗಿರಬೇಕು.

ಎಲ್‌ಎಲ್‌ಪಿ, ಅಂದರೆ ಹೊಣೆಗೆ ಮಿತಿ ಇರುವ ಪಾಲುದಾರಿಕೆ, ಇದರದೇ ಸುಧಾರಿತ ತಮ್ಮ. 2008ರ ಕಾಯ್ದೆಯದು. ಸಾಲದ ಏಟು ನೀವು ಹಾಕಿದ ದುಡ್ಡಿನವರೆಗೆ, ಮೋಸ ಮಾಡದಿದ್ದರೆ. ಜೊತೆಯವನ ತಪ್ಪಿಗೆ ನಿಮ್ಮ ಮನೆ ಹೋಗುವುದಿಲ್ಲ. ಬ್ಯಾಂಕಿಗೆ ನೀವೇ ಜಾಮೀನು ಹಾಕಿದ್ದರೆ ಮಾತ್ರ ಆ ರಕ್ಷಣೆ ಇಲ್ಲ, ಮತ್ತು ನಮ್ಮ ಬ್ಯಾಂಕ್‌ಗಳು ಜಾಮೀನು ಕೇಳದೆ ಬಿಡುವುದು ಅಪರೂಪ. ವರ್ಷಾವರ್ಷ ಕಾಗದ ಸಲ್ಲಿಸಬೇಕು. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ಮೀರಿದರೆ ಆಡಿಟ್ ಕಡ್ಡಾಯ. ಆಡಿಟ್ ಖರ್ಚು ದಂಡ ಅನ್ನುವವರಿದ್ದಾರೆ. ದೂರದಲ್ಲಿ ಕೂತ ಪಾಲುದಾರನಿಗೆ ಅದೇ ಕಣ್ಣು.

ಪ್ರೈವೇಟ್ ಲಿಮಿಟೆಡ್: ಇಲ್ಲಿ ಮಾತ್ರ ಪರ್ಸೆಂಟಿಗೆ ಬೆಲೆ

ಬಂಡವಾಳ ಕೋಟಿಗಳಲ್ಲಿದ್ದು ಆರೆಂಟು ಜನ ಸೇರುವುದಾದರೆ ಕಂಪನಿಯೇ ಸರಿ. ಪರ್ಸೆಂಟ್ ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಮಾಡುವುದಿಲ್ಲ ಎಂಬುದು 2013ರ ಕಂಪನಿ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ಅರ್ಧಕ್ಕಿಂತ ಜಾಸ್ತಿ ಇದ್ದವನು ಡೈರೆಕ್ಟರ್‌ಗಳನ್ನು ಕೂರಿಸುತ್ತಾನೆ, ಇಳಿಸುತ್ತಾನೆ. ಕಂಪನಿಯ ನಿಯಮಾವಳಿ ಬದಲಿಸುವಂಥ ದೊಡ್ಡ ತೀರ್ಮಾನಕ್ಕೆ ವಿಶೇಷ ನಿರ್ಣಯ ಬೇಕು, ಅಂದರೆ ಪರವಾದ ಮತ ವಿರೋಧದ ಮೂರು ಪಟ್ಟು. 10 ಪರ್ಸೆಂಟ್ ಇದ್ದವನು ವಿಶೇಷ ಸಭೆ ಕರೆಯಿರಿ ಎನ್ನಬಹುದು, ಅನ್ಯಾಯವಾಗಿದೆ ಎಂದು ಕಂಪನಿ ನ್ಯಾಯಮಂಡಳಿಗೂ ಹೋಗಬಹುದು. ಅದಕ್ಕಿಂತ ಕಡಿಮೆ ಇದ್ದರೆ ಸಭೆ ಕರೆಸುವ ಹಕ್ಕಿಲ್ಲ. ನ್ಯಾಯಮಂಡಳಿಗಾದರೆ ಷೇರುದಾರರ ತಲೆ ಲೆಕ್ಕದಲ್ಲಿ ಹತ್ತನೇ ಒಂದು ಭಾಗವಿದ್ದರೂ ಸಾಕು, ಅಂದರೆ ಆರೆಂಟು ಜನರ ಕಂಪನಿಯಲ್ಲಿ ಒಬ್ಬನೇ ಹೋಗಬಹುದು.

ಒಂದು ಲೆಕ್ಕ ಹಾಕೋಣ. ಒಟ್ಟು ಬಂಡವಾಳ 4 ಕೋಟಿ. ನಡೆಸುವವನದು 2.4 ಕೋಟಿ, ಅಂದರೆ 60. ನಿಮ್ಮದು 1 ಕೋಟಿ, 25. ಇನ್ನೊಬ್ಬನದು 60 ಲಕ್ಷ, 15. ಕಾಲು ಭಾಗ ನನ್ನದು, ನನ್ನನ್ನು ಬಿಟ್ಟು ದೊಡ್ಡ ತೀರ್ಮಾನ ಆಗದು ಎಂದು ನೀವು ಅಂದುಕೊಂಡಿರುತ್ತೀರಿ. ಆಗುತ್ತದೆ. 60ಕ್ಕೆ 15 ಸೇರಿದರೆ 75, ಅದು ನಿಮ್ಮ 25ರ ಸರಿಯಾಗಿ ಮೂರು ಪಟ್ಟು. ನಿರ್ಣಯ ಪಾಸು. ತಡೆಯಬೇಕೆಂದರೆ 25 ಸಾಲದು, 25ರ ಮೇಲೆ ಒಂದು ಷೇರಾದರೂ ಬೇಕು. ಈ ಒಂದು ಷೇರಿಗಾಗಿ ಸಹಿ ಹಾಕುವ ಮೊದಲು ಜಗಳ ಮಾಡಿ, ನಾಚಿಕೆ ಬೇಡ.

ಎರಡನೇ ವರ್ಷ ಇನ್ನೂ 2 ಕೋಟಿ ಬೇಕಾಯಿತು ಅನ್ನಿ. ಹೊಸ ಷೇರನ್ನು ಮೊದಲು ಇರುವವರಿಗೇ ಅವರವರ ಪಾಲಿನಂತೆ ಕೊಡಬೇಕು, ಕಾನೂನು ಹಾಗಿದೆ. ನಿಮ್ಮ ಪಾಲಿಗೆ 50 ಲಕ್ಷ. ಇಲ್ಲ ಅಂದಿರಿ. ಮೂರನೆಯವನೂ ಇಲ್ಲ ಅಂದ. ನಡೆಸುವವನು ಅದೇ ಬೆಲೆಗೆ ಪೂರ್ತಿ ಹಾಕಿದ. ಈಗ ಅವನದು 73.3, ನಿಮ್ಮದು 16.7, ಮೂರನೆಯವನದು 10. ಯಾರೂ ಮೋಸ ಮಾಡಲಿಲ್ಲ, ನಿಮ್ಮ ಕಾಲು ಭಾಗ ಮಾತ್ರ ಆರನೇ ಒಂದಾಯಿತು. ಮಕ್ಕಳು ಆಟದಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ, ಇದು ಅದರ ಉಲ್ಟಾ. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಹಾಗಾಗಿ ಕೈಯಲ್ಲಿ 1 ಕೋಟಿ ಇದ್ದರೆ ಅಷ್ಟನ್ನೂ ಮೊದಲ ದಿನವೇ ಹಾಕಬೇಡಿ. 60 ಲಕ್ಷ ಹಾಕಿ, 40 ಎರಡನೇ ಕರೆಗೆ ಇಟ್ಟುಕೊಳ್ಳಿ. ಮೊದಲ ದಿನ ಸಣ್ಣ ಪಾಲು ಕಾಣುತ್ತದೆ, ಆದರೆ ಉಳಿಯುವ ಪಾಲು.

ಸಮಪಾಲು, 50-50? ಇಬ್ಬರು ಗೆಳೆಯರಿಗೆ ಇದು ಇಷ್ಟ. ಜಗಳವಾದರೆ ಟಿಪ್ಪರ್ ಡೀಸೆಲ್ ಬಿಲ್ಲಿಗೂ ಸಹಿ ಬೀಳುವುದಿಲ್ಲ. ಗಂಟು ಬಿದ್ದಾಗ ಬಿಡಿಸುವ ಮಾತು ಮೊದಲೇ ಬರೆದಿದ್ದರೆ ಮಾತ್ರ ಒಪ್ಪಿ. ಒಬ್ಬ ಬೆಲೆ ಹೇಳಬೇಕು, ಇನ್ನೊಬ್ಬ ಆ ಬೆಲೆಗೆ ಕೊಳ್ಳಬೇಕು ಇಲ್ಲವೇ ಮಾರಬೇಕು. ಅಣ್ಣ ಪಾಲು ಮಾಡಿ ತಮ್ಮ ಆರಿಸಿಕೊಳ್ಳುವ ಹಾಗೆ. ಮೂವರಲ್ಲಿ ಯಾರಿಗೂ ಅರ್ಧ ಇಲ್ಲದ ಹಂಚಿಕೆ ನನಗೆ ಇದಕ್ಕಿಂತ ಹಿಡಿಸುತ್ತದೆ. ವಿದೇಶಗಳಲ್ಲಿ ಖನಿಜ ಹುಡುಕಲು 2019ರಲ್ಲಿ ಮೂರು ಸರ್ಕಾರಿ ಕಂಪನಿಗಳು ಸೇರಿ ಕಟ್ಟಿದ ಕಾಬಿಲ್‌ನಲ್ಲಿ ನ್ಯಾಲ್ಕೊ 40, ಹಿಂದೂಸ್ತಾನ್ ಕಾಪರ್ 30, ಎಂಇಸಿಎಲ್ 30. ಯಾವ ಇಬ್ಬರು ಒಪ್ಪಿದರೂ ಅರ್ಧ ದಾಟುತ್ತದೆ, ವಿಶೇಷ ನಿರ್ಣಯ ಬೇಡದ ಕೆಲಸ ಮುಂದಕ್ಕೆ ಹೋಗುತ್ತದೆ.

ಕಂಪನಿಯ ದೋಷ ಹೊರಗೆ ಬರುವಾಗ ಗೊತ್ತಾಗುತ್ತದೆ. ಖಾಸಗಿ ಕಂಪನಿಯ ಷೇರನ್ನು ಸಂತೆಯಲ್ಲಿ ಮಾರಲಾಗುವುದಿಲ್ಲ, ಜೊತೆಯವರೇ ಕೊಳ್ಳಬೇಕು. ದೊಡ್ಡವನು ಹೊರಗಿನವರಿಗೆ ಮಾರಿದರೆ ಅದೇ ಬೆಲೆಗೆ ನನ್ನದೂ ಹೋಗಬೇಕು ಎಂದು ಷೇರುದಾರರ ಒಪ್ಪಂದದಲ್ಲೂ, ಕಂಪನಿ ನಿಯಮಾವಳಿಯಲ್ಲೂ, ಎರಡೂ ಕಡೆ ಬರೆಸಿ. ತೆರಿಗೆಯನ್ನೂ ಮರೆಯಬೇಡಿ. ಫರ್ಮ್ ಅಥವಾ ಎಲ್‌ಎಲ್‌ಪಿ ತೆರಿಗೆ ಕಟ್ಟಿದ ಮೇಲೆ ಲಾಭದ ಪಾಲಿಗೆ ನಿಮ್ಮ ಕೈಯಲ್ಲಿ ಮತ್ತೆ ತೆರಿಗೆ ಇಲ್ಲ. ಕಂಪನಿಯ ಡಿವಿಡೆಂಡ್‌ಗೆ ಇದೆ.

ಕಬ್ಬಿಣದ ಅದಿರಿಗೆ ಕರೆದರೆ ಇವೆಲ್ಲದರ ಮೇಲೆ ಇನ್ನೊಂದು ಪದರ. ಸರಾಸರಿ ಮಾರಾಟ ಬೆಲೆಯ 15 ಪರ್ಸೆಂಟ್ ರಾಜಧನ, ಹರಾಜಿನ ಗಣಿಯಾದರೆ ಆ ರಾಜಧನದ 10 ಪರ್ಸೆಂಟ್ ಜಿಲ್ಲಾ ಖನಿಜ ನಿಧಿಗೆ, ಹಳೆಯ ಲೀಸಾದರೆ 30. ಹರಾಜಿನಲ್ಲಿ ಒಪ್ಪಿಕೊಂಡ ಪ್ರೀಮಿಯಂ ಬೇರೆ. ಇದು ಮಾರಾಟದ ಮೇಲೆ ಹೋಗುವ ದುಡ್ಡು, ಲಾಭ ಬರಲಿ ಬಿಡಲಿ. ಅಂಥ ಕಡೆ "ಲಾಭದಲ್ಲಿ 20" ಎಂಬುದು ಬಹಳ ತೆಳ್ಳಗಿನ ಮಾತು.

ಆ ಮೂವರಿಗೆ ನಾನು ಹೇಳಿದ್ದು

ಜಮೀನಿನವರಿಗೆ ಟನ್ ಲೆಕ್ಕ ಮತ್ತು ಕನಿಷ್ಠ ಮೊತ್ತ. ಆಸೆ ತಡೆಯದಿದ್ದರೆ ಅದರ ಮೇಲೆ ಮಾರಾಟದಲ್ಲಿ 2 ಪರ್ಸೆಂಟ್ ಕೇಳಿ, ಲಾಭದಲ್ಲಿ 20 ಬೇಡ ಅಂದೆ. ಅವರ ಮುಖ ಸಪ್ಪಗಾಯಿತು. 2 ಅನ್ನುವ ಅಂಕಿಗೆ ಗತ್ತಿಲ್ಲ ನೋಡಿ.

ಟಿಪ್ಪರ್‌ನವರು ಬಾಡಿಗೆಯನ್ನೇ ಇಟ್ಟುಕೊಂಡರು. ಕಂತು ಇನ್ನೂ ಎರಡೂವರೆ ವರ್ಷ ಇದೆಯಂತೆ. ಕಂತು ಇರುವವರೆಗೆ ತಿಂಗಳ ದುಡ್ಡು ಬೇಕು. ಕಂತು ತೀರಿದ ಮೇಲೆ ಎಲ್‌ಎಲ್‌ಪಿ ಮಾತಾಡೋಣ ಅಂತ ಇಬ್ಬರೂ ಒಪ್ಪಿದೆವು.

ಮೇಷ್ಟ್ರಿಗೆ ಆಯ್ಕೆ ಹೇಳಲಿಲ್ಲ, ಒಂದು ಕೆಲಸ ಹೇಳಿದೆ. "ಶಿಷ್ಯನ ಹತ್ತಿರ ಲೀಸ್ ಕಾಗದದ ಜೆರಾಕ್ಸ್, ಫರ್ಮ್ ನೋಂದಣಿ, ಕಳೆದ ವರ್ಷದ ಪರ್ಮಿಟ್ ಪಟ್ಟಿ ಕೇಳಿ ಸಾರ್. ಮೂರೂ ಬಂದರೆ ಕೂತು ಮಾತಾಡೋಣ. ಆದರೆ 25 ಲಕ್ಷದಲ್ಲಿ 10ಕ್ಕಿಂತ ಜಾಸ್ತಿ ಹಾಕೋದು ಬೇಡ." ಅವರು ಅಲ್ಲೇ ನನ್ನ ಎದುರೇ ಫೋನ್ ಮಾಡಿದರು. ಆ ಕಡೆಯವನು ನಾಳೆ ಕಳಿಸ್ತೀನಿ ಸಾರ್ ಅಂದ. ಇದಾಗಿ ಐದು ವಾರ.